ಕೀಮೋ ಮುಗಿದ ಮೇಲೆ ಬಂದ ಕೂದಲು ನನ್ನದೇ ಅನಿಸುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಎಂಟು ಸೈಕಲ್ ಕೀಮೋ ಆಯಿತು. ಮೊದಲ ನಾಲ್ಕು ಕೆಂಪು ಬಣ್ಣದ ಔಷಧಿ, ಆಮೇಲಿನ ನಾಲ್ಕು ಡೋಸಿಟ್ಯಾಕ್ಸೆಲ್. ಕೊನೆಯ ಕೀಮೋ ಆಗಿ ಎಂಟು ತಿಂಗಳಾಯಿತು. ನಂತರ ರೇಡಿಯೇಷನ್ ಕೊಟ್ಟರು. ಐದು ತಿಂಗಳಿಂದ ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನಡೆಯುತ್ತಿದೆ. ಕೀಮೋ ಮಧ್ಯದಲ್ಲಿ ನಿಂತ ಮುಟ್ಟು ಮತ್ತೆ ಬಂದಿಲ್ಲ. ಮೊದಲು ನನ್ನದು ಸೊಂಟದವರೆಗಿನ ನೇರ ಕೂದಲು, ಹತ್ತು ವರ್ಷದಿಂದ ಡೈ ಹಚ್ಚುತ್ತಿದ್ದೆ. ಈಗ ಹಿಂದೆ ಮತ್ತು ಕಿವಿಯ ಪಕ್ಕದಲ್ಲಿ ಸುರುಳಿ ಸುರುಳಿಯಾಗಿ, ಒರಟಾಗಿ ಬಂದಿದೆ, ಅರ್ಧಕ್ಕರ್ಧ ಬಿಳಿ. ನೆತ್ತಿಯಲ್ಲಿ ಮಾತ್ರ ಚರ್ಮ ಕಾಣುತ್ತದೆ. ಚೆನ್ನಾಗಿ ಬಂದಿದ್ದ ರೆಪ್ಪೆ ಕೂದಲು ಹೋದ ತಿಂಗಳು ಮತ್ತೆ ಉದುರಿತು. ಅಂದಿನಿಂದ ನಿದ್ದೆಯಿಲ್ಲ. ಕೀಮೋ ವಿಷ ಇನ್ನೂ ಮೈಯಲ್ಲಿದೆಯೇ? ಕಾಯಿಲೆ ಮರಳುತ್ತಿದೆಯೇ? ಇನ್ನೊಮ್ಮೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎನ್ನುತ್ತಾಳೆ ಅಕ್ಕ. ಗೆಳತಿ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಂದುಕೊಟ್ಟಿದ್ದಾಳೆ. ಪಾರ್ಲರ್‌ನವರು ಸ್ಟ್ರೇಟನಿಂಗ್ ಮಾಡಿಸಿ ಎನ್ನುತ್ತಾರೆ. ಟ್ಯಾಮಾಕ್ಸಿಫೆನ್‌ನಿಂದಲೇ ಕೂದಲು ತೆಳುವಾಗುತ್ತದೆ ಎಂದು ಓದಿದ ಮೇಲೆ ಅದನ್ನು ನಿಲ್ಲಿಸಿಬಿಡೋಣವೇ ಎಂದೂ ಅನಿಸಿದೆ. ಕೀಮೋ ಕೊಡುವಾಗ ತಲೆ ತಂಪಾಗಿಡುವ ಟೋಪಿ ಹಾಕಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂಬ ಕೊರಗು ಬೇರೆ. ಬರುವ ತಿಂಗಳು ಕೆಲಸಕ್ಕೆ ವಾಪಸ್ ಹೋಗಬೇಕು. ಡೈ ಹಚ್ಚಬಹುದೇ?

ಉತ್ತರ: ರೆಪ್ಪೆಯಿಂದಲೇ ಶುರು ಮಾಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿದ್ದು ಅದೇ ತಾನೆ. ರೆಪ್ಪೆ ಕೂದಲು ಎರಡನೆಯ ಸಲ ಉದುರುವುದು ಕ್ಯಾನ್ಸರ್ ಮರಳಿದ ಸೂಚನೆ ಅಲ್ಲ. ಮಾಮೂಲಾಗಿ ನಮ್ಮ ಒಂದೊಂದು ಕೂದಲೂ ತನ್ನದೇ ಸಮಯಕ್ಕೆ ಬೆಳೆದು, ತನ್ನದೇ ಸಮಯಕ್ಕೆ ಉದುರುತ್ತದೆ. ದಿನಕ್ಕೆ ಒಂದೆರಡು ರೆಪ್ಪೆ ಕೂದಲು ಹೋದರೆ ಗೊತ್ತೇ ಆಗುವುದಿಲ್ಲ. ಕೀಮೋ ಅವನ್ನೆಲ್ಲ ಒಟ್ಟಿಗೆ ಬೀಳಿಸಿತು, ಹಾಗಾಗಿ ಮತ್ತೆ ಹುಟ್ಟಿದ್ದೂ ಒಟ್ಟಿಗೇ. ಒಂದೇ ದಿನ ನಾಟಿ ಮಾಡಿದ ಪೈರು ಒಂದೇ ವಾರ ಕೊಯ್ಲಿಗೆ ಬರುವ ಹಾಗೆ. ತಲೆಗೂದಲು ವರ್ಷಗಟ್ಟಲೆ ಇರುತ್ತದೆ, ರೆಪ್ಪೆ ಕೂದಲಿನ ಆಯಸ್ಸು ಕೆಲವೇ ತಿಂಗಳು. ಅದಕ್ಕೇ ಈ ಆಟ ರೆಪ್ಪೆಯಲ್ಲಿ ಇಷ್ಟು ಬೇಗ, ಇಷ್ಟು ಎದ್ದು ಕಾಣುತ್ತದೆ. ಇನ್ನೂ ಒಂದೆರಡು ಸಲ ಹೀಗೇ ಆಗಬಹುದು, ಪ್ರತಿ ಸಲವೂ ಸ್ವಲ್ಪ ಕಡಿಮೆ. ಆಮೇಲೆ ಅವು ಮತ್ತೆ ತಂತಮ್ಮ ದಾರಿ ಹಿಡಿಯುತ್ತವೆ. ಇದನ್ನು ಕೀಮೋ ಶುರುವಾಗುವ ಮುಂಚೆಯೇ ಹೇಳಿಬಿಟ್ಟರೆ ಎಷ್ಟೋ ಜನರ ರಾತ್ರಿಗಳು ಉಳಿಯುತ್ತವೆ. ನಾವು ಡಾಕ್ಟರುಗಳು ಹೇಳುವುದಿಲ್ಲ, ಅದು ನಮ್ಮ ತಪ್ಪು.

ಇನ್ನು ವಿಷದ ಮಾತು. ನಿಮಗೆ ಕೊಟ್ಟ ಕೀಮೋ ಔಷಧಿಗಳು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ದೇಹದಿಂದ ಹೊರಹೋಗಿವೆ. ಎಂಟು ತಿಂಗಳ ನಂತರ ನೀವು ಕನ್ನಡಿಯಲ್ಲಿ ನೋಡುತ್ತಿರುವುದು ಔಷಧಿಯನ್ನಲ್ಲ, ಅದರ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ಕೂದಲ ಬುಡವನ್ನು. ಕೂದಲಿನಲ್ಲಿ ಕ್ಯಾನ್ಸರ್‌ನ ಭವಿಷ್ಯ ಓದುವ ಅಭ್ಯಾಸ ತುಂಬ ಜನರಿಗಿದೆ. ದಟ್ಟವಾಗಿ ಬಂದರೆ ಗುಣವಾಯಿತೆಂದು ಹಿಗ್ಗುತ್ತಾರೆ, ತೆಳುವಾದರೆ ಕುಗ್ಗುತ್ತಾರೆ. ಎರಡಕ್ಕೂ ಆಧಾರವಿಲ್ಲ. ಕೂದಲು ಹೇಳುವುದು ಬುಡದ ಸ್ಥಿತಿ, ಹಾರ್ಮೋನು, ರಕ್ತದಲ್ಲಿನ ಕಬ್ಬಿಣ, ವಯಸ್ಸು ಇವುಗಳ ಸಂಗತಿ. ಗೆಡ್ಡೆಯ ಸಂಗತಿ ಅದಕ್ಕೆ ಗೊತ್ತಿಲ್ಲ.

ಬುಡದಲ್ಲಿ ಆದದ್ದೇನು? ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಯಾವುದೇ ಹೊತ್ತಿನಲ್ಲಿ ಅವುಗಳಲ್ಲಿ ನೂರಕ್ಕೆ 85ರಿಂದ 90 ಬೆಳೆಯುವ ಹಂತದಲ್ಲಿರುತ್ತವೆ. ಬೆಳೆಯುವ ಕೂದಲಿನ ಬುಡದ ಜೀವಕೋಶಗಳು ದೇಹದಲ್ಲೇ ಅತಿ ವೇಗವಾಗಿ ಒಡೆದು ಹೆಚ್ಚುವಂಥವು. ವೇಗವಾಗಿ ಹೆಚ್ಚುವ ಕೋಶಗಳನ್ನೇ ಹುಡುಕಿ ಹೊಡೆಯುವ ಕೀಮೋಗೆ ಇವಕ್ಕೂ ಗೆಡ್ಡೆಗೂ ವ್ಯತ್ಯಾಸ ತಿಳಿಯದು. ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ದಿಂಬಿನ ತುಂಬ ಕೂದಲಾಗುವುದು ಇದಕ್ಕೇ. ಆದರೆ ಹೊಸ ಕೂದಲನ್ನು ಹುಟ್ಟಿಸುವ ಮೂಲಕೋಶಗಳು ಬುಡಕ್ಕಿಂತ ಸ್ವಲ್ಪ ಮೇಲೆ, ನಿಧಾನಗತಿಯಲ್ಲಿ ಅಡಗಿ ಕೂತಿರುತ್ತವೆ. ಅವು ಸಾಮಾನ್ಯವಾಗಿ ಬದುಕಿ ಉಳಿಯುವುದರಿಂದಲೇ ಕೂದಲು ವಾಪಸ್ ಬರುತ್ತದೆ.

ಬರುವಾಗ ಮೊದಲಿನ ಹಾಗೇ ಬರಬೇಕೆಂದಿಲ್ಲ. ಕೂದಲು ನೇರವೋ ಗುಂಗುರೋ ಎನ್ನುವುದು ಚರ್ಮದ ಕೆಳಗೇ ತೀರ್ಮಾನವಾಗುತ್ತದೆ. ಬುಡದ ಎಲ್ಲ ಬದಿಯ ಕೋಶಗಳೂ ಸಮನಾಗಿ ಬೆಳೆದರೆ ಎಳೆ ನೇರ. ಒಂದು ಬದಿ ಮುಂದೆ ಓಡಿ ಇನ್ನೊಂದು ಬದಿ ಹಿಂದುಳಿದರೆ ಎಳೆ ಬಾಗುತ್ತದೆ, ಬಾಗುತ್ತಲೇ ಹೋದರೆ ಸುರುಳಿ. ಪೆಟ್ಟು ತಿಂದ ಬುಡ ಚೇತರಿಸಿಕೊಳ್ಳುವಾಗ ಎಲ್ಲ ಕಡೆ ಒಂದೇ ಸಮ ಚೇತರಿಸಿಕೊಳ್ಳುವುದಿಲ್ಲ. ನೇರ ಕೂದಲಿದ್ದವರಿಗೆ ‘ಕೀಮೋ ಕರ್ಲ್ಸ್’ ಬರುವುದಕ್ಕೆ ನಾವು ಕೊಡುವ ವಿವರಣೆ ಇದು. ಗುಂಗುರು ಕೂದಲಿದ್ದವರಿಗೆ ನೇರವಾಗಿ ಬಂದದ್ದನ್ನೂ ನೋಡಿದ್ದೇನೆ. ಅವರ ಬೇಸರವೂ ನಿಮ್ಮಷ್ಟೇ ಇರುತ್ತದೆ.

ಹೆಚ್ಚಿನವರಲ್ಲಿ ಈ ಸುರುಳಿ ಒಂದರಿಂದ ಎರಡು ವರ್ಷದಲ್ಲಿ ಸಡಿಲವಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಇಲ್ಲಿ ನೋಡುವ ಕ್ರಮ ಮುಖ್ಯ. ಹೊರಗೆ ಬಂದುಬಿಟ್ಟ ಕೂದಲು ಜೀವವಿಲ್ಲದ ಎಳೆ, ಅದು ಮುಂದೊಂದು ದಿನ ತಾನಾಗಿ ನೇರವಾಗುವುದಿಲ್ಲ. ಬದಲಾವಣೆ ಕಾಣುವುದು ಬುಡದಲ್ಲಿ ಹೊಸದಾಗಿ ಬರುವ ಒಂದೆರಡು ಸೆಂಟಿಮೀಟರ್‌ನಲ್ಲಿ. ತುದಿ ಸುರುಳಿ ಇದೆ ಎಂದು ಕೊರಗಬೇಡಿ, ಬುಡ ಹೇಗೆ ಬರುತ್ತಿದೆ ನೋಡಿ. ಸುರುಳಿ ಎಳೆಯ ಉದ್ದಕ್ಕೂ ಚರ್ಮದ ಜಿಡ್ಡು ಇಳಿಯುವುದು ಕಷ್ಟ, ಆದ್ದರಿಂದ ಒರಟು. ಕಂಡಿಷನರ್, ಅಗಲ ಹಲ್ಲಿನ ಬಾಚಣಿಗೆ, ಒದ್ದೆ ಇರುವಾಗಲೇ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು, ಇಷ್ಟು ಸಾಕು.

ಉದ್ದದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಕೀಮೋ ಮುಗಿದ ಮೊದಲ ಒಂದೂವರೆ ತಿಂಗಳು ಬರುವುದು ಬರೀ ತುಪ್ಪುಳ. ಎಂಟು ತಿಂಗಳಿಗೆ ಒಂದು ಸುರುಳಿಯನ್ನು ಎಳೆದು ಅಳೆದಾಗ 6 ಅಥವಾ 7 ಸೆಂ.ಮೀ. ಬಂದರೆ ನಿಮ್ಮ ಬೆಳವಣಿಗೆಯ ವೇಗ ಸರಿಯಿದೆ. ಸೊಂಟದವರೆಗಿನ ಜಡೆ ಎಂದರೆ ಐದಾರು ವರ್ಷದ ಮಾತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಿಳಿ ಕೂದಲಿನ ವಿಷಯದಲ್ಲಿ ಪೂರ್ತಿ ತಪ್ಪನ್ನು ಕೀಮೋ ಮೇಲೆ ಹೊರಿಸುವ ಹಾಗಿಲ್ಲ. ಬಣ್ಣ ತುಂಬುವ ಕೋಶಗಳೂ ಬುಡದಲ್ಲೇ ಇರುವುದರಿಂದ ಅವಕ್ಕೂ ಪೆಟ್ಟು ಬಿದ್ದಿರುತ್ತದೆ. ಎಳೆ ಕಟ್ಟುವ ಕೋಶಗಳು ಮೊದಲು ಎದ್ದು ಕೆಲಸಕ್ಕೆ ನಿಂತು, ಬಣ್ಣದವು ತಡವಾಗಿ ಬರುವುದುಂಟು. ಆ ಮಧ್ಯದ ಕೂದಲು ಬೂದು ಅಥವಾ ಬಿಳಿ. ಆಮೇಲೆ ಬರುವ ಬುಡ ಕಪ್ಪಾಗಿದ್ದರೆ ಆ ಭಾಗ ಸರಿಹೋಯಿತು ಎಂದರ್ಥ. ಆದರೆ ನೀವು ಹತ್ತು ವರ್ಷದಿಂದ ಡೈ ಹಚ್ಚುತ್ತಿದ್ದಿರಿ. 36ನೇ ವಯಸ್ಸಿನ ನಂತರ ನಿಮ್ಮ ನಿಜವಾದ ಬಣ್ಣವನ್ನು ನೀವೇ ನೋಡಿಲ್ಲ! ಈಗ ಕಾಣುತ್ತಿರುವ ಬಿಳಿಯಲ್ಲಿ ಒಂದಷ್ಟು ಪಾಲು ಕೀಮೋ ಬರದಿದ್ದರೂ ಡೈ ಕೆಳಗೆ ಇದ್ದೇ ಇರುತ್ತಿತ್ತು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಗಮನ ಕೊಡಬೇಕು ಅನಿಸಿದ್ದು ಸುರುಳಿಯೂ ಅಲ್ಲ, ನರೆಯೂ ಅಲ್ಲ, ನೆತ್ತಿ. ಕೀಮೋ ಮುಗಿದು ಆರು ತಿಂಗಳಾದರೂ ಕೂದಲು ಪೂರ್ತಿ ತುಂಬದಿದ್ದರೆ ಅದನ್ನು ‘ಕಾಯುತ್ತಿರಿ, ಬರುತ್ತದೆ’ ಎಂದು ಬಿಡಬಾರದು. ನೀವು ಆ ಗೆರೆ ದಾಟಿ ಎರಡು ತಿಂಗಳಾಗಿದೆ. ನಿಮ್ಮ ವಿಷಯದಲ್ಲಿ ಮೂರು ಕಾರಣಗಳು ಒಂದರ ಮೇಲೊಂದು ಕೂತಿರಬಹುದು.

ಒಂದು, ಡೋಸಿಟ್ಯಾಕ್ಸೆಲ್. ಇದನ್ನು ಪಡೆದ ಹೆಚ್ಚಿನವರಿಗೆ ಕೂದಲು ವಾಪಸ್ ಬರುತ್ತದೆ, ಆದರೆ ಒಂದು ಸಣ್ಣ ಗುಂಪಿಗೆ ಪೂರ್ತಿ ಬರುವುದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಡಿಸೆಂಬರ್‌ನಲ್ಲಿ ಈ ಔಷಧಿಯ ಮಾಹಿತಿಪತ್ರಕ್ಕೆ ಶಾಶ್ವತ ಕೂದಲು ನಷ್ಟದ ವಿಷಯ ಸೇರಿಸಿತು. ಹೀಗಾದಾಗ ಹೆಚ್ಚು ತೆಳುವಾಗುವುದು ನೆತ್ತಿ ಮತ್ತು ಮುಂದಲೆಯೇ. ಎರಡು, ಟ್ಯಾಮಾಕ್ಸಿಫೆನ್. ಇದು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಕೂದಲಿಗೆ ಈಸ್ಟ್ರೋಜನ್ ಒಳ್ಳೆಯ ಗೆಳತಿ, ಅದಿಲ್ಲದಾಗ ನೆತ್ತಿಯ ಎಳೆಗಳು ಸಣ್ಣಗಾಗುತ್ತವೆ, ಬೈತಲೆ ಅಗಲವಾಗುತ್ತದೆ. ಮೂರು, ಅಂಡಾಶಯ ಸುಮ್ಮನಾಗಿರುವುದು. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರಿಗೆ ವಂಶದಲ್ಲಿದ್ದ ನೆತ್ತಿ ತೆಳುವಾಗುವ ಗುಣ ಹೊರಬರುತ್ತದೆ. ನಿಮಗೆ ಕೀಮೋ ಆ ದಿನವನ್ನು ಕೆಲವು ವರ್ಷ ಮುಂಚೆ ತಂದಿರಬಹುದು.

ಯಾವುದು ಎಷ್ಟು ಪಾಲು ಎಂದು ತಿಳಿಯಲು ನಾನು ಕೇಳುವ ಮೊದಲ ಪ್ರಶ್ನೆ: ನೆತ್ತಿ ಒಮ್ಮೆ ತುಂಬಿ ಆಮೇಲೆ ತೆಳುವಾಯಿತೇ, ಅಥವಾ ತುಂಬಲೇ ಇಲ್ಲವೇ? ಮೂರನೇ ತಿಂಗಳಲ್ಲಿ ನೆತ್ತಿಯಲ್ಲೂ ಮಿಕ್ಕ ಕಡೆಯಷ್ಟೇ ಒತ್ತಾಗಿದ್ದು, ಮಾತ್ರೆ ಶುರುವಾದ ಮೇಲೆ ಚರ್ಮ ಕಾಣತೊಡಗಿದ್ದರೆ ಹಾರ್ಮೋನಿನ ಕಡೆ ಬೆರಳು. ಮೊದಲಿನಿಂದಲೂ ಖಾಲಿಯೇ ಇದ್ದರೆ ಡೋಸಿಟ್ಯಾಕ್ಸೆಲ್ ಕಡೆ. ನೆನಪು ಇಲ್ಲಿ ಮೋಸ ಮಾಡುತ್ತದೆ, ಫೋಟೊ ಮಾಡುವುದಿಲ್ಲ. ಮನೆಯವರು ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ನಿಮ್ಮ ತಲೆ ಮೇಲಿಂದ ಕಾಣುವಂಥದ್ದು ಇದೆಯೇ ಹುಡುಕಿ. ತಾಯಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಬೈತಲೆ ಹೇಗಿತ್ತು ಎಂಬುದೂ ಉಪಯೋಗಕ್ಕೆ ಬರುತ್ತದೆ. ಚರ್ಮರೋಗ ತಜ್ಞರು ಡರ್ಮೊಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ನೋಡಿದರೆ ಬುಡದ ರಂಧ್ರಗಳು ಉಳಿದಿವೆಯೇ, ಎಳೆಗಳು ಸಣ್ಣಗಾಗಿವೆಯೇ ಎಂಬುದು ತಿಳಿಯುತ್ತದೆ. ಅಪರೂಪಕ್ಕೆ ಚರ್ಮದ ಚಿಕ್ಕ ತುಣುಕು ತೆಗೆದು ನೋಡಬೇಕಾಗುತ್ತದೆ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಥೈರಾಯ್ಡ್, ವಿಟಮಿನ್ ಡಿ, ಬಿ12 ಪರೀಕ್ಷೆ ಮಾಡಿಸಿ. ಚಿಕಿತ್ಸೆಯ ನಂತರ ಕಬ್ಬಿಣದ ಕೊರತೆ ಉಳಿದಿರುವವರು ಕಡಿಮೆಯೇನಿಲ್ಲ. ಕತ್ತಿನ ಬುಡಕ್ಕೂ ರೇಡಿಯೇಷನ್ ತಗಲಿದ್ದರೆ ಥೈರಾಯ್ಡ್ ನಿಧಾನವಾಗುವ ಸಾಧ್ಯತೆ ಇದೆ. ಇವು ಸುಲಭವಾಗಿ ಸರಿಪಡಿಸಬಹುದಾದ ಕಾರಣಗಳು, ಇವನ್ನು ನೋಡದೆ ದೊಡ್ಡ ಕಾರಣಗಳ ಹಿಂದೆ ಓಡಬಾರದು.

ಟ್ಯಾಮಾಕ್ಸಿಫೆನ್ ನಿಲ್ಲಿಸಬೇಡಿ. ಪತ್ರದಲ್ಲಿ ಒಂದೇ ಮಾತಿಗೆ ಜಾಗವಿದ್ದಿದ್ದರೆ ಇದನ್ನೇ ಬರೆಯುತ್ತಿದ್ದೆ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವ ಸ್ತನ ಕ್ಯಾನ್ಸರ್‌ನಲ್ಲಿ ಐದು ವರ್ಷ ಇದನ್ನು ತೆಗೆದುಕೊಂಡವರಿಗೆ ಆ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಕೂದಲು ನಿಮಗೆ ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ಯಾರಿಗೂ ಹೇಳದೆ ಮಾತ್ರೆ ಬಿಟ್ಟು, ಮುಂದಿನ ಚೆಕಪ್‌ನಲ್ಲಿ ‘ತಗೋತಿದೀನಿ’ ಎಂದು ತಲೆಯಾಡಿಸಿದವರನ್ನು ನೋಡಿದ್ದೇನೆ, ಅದರ ಹೆದರಿಕೆ ನನಗೆ. ತಡೆಯಲಾಗುತ್ತಿಲ್ಲ ಎಂದಾದರೆ ಕ್ಯಾನ್ಸರ್ ತಜ್ಞರ ಮುಂದೆ ನೇರವಾಗಿ ಹೇಳಿ. ಬೇರೆ ಗುಂಪಿನ ಮಾತ್ರೆಗಳಿವೆ. ಆದರೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥವೂ ಕೂದಲು ತೆಳು ಮಾಡುತ್ತವೆ. ಮೇಲಾಗಿ ಕೀಮೋದಿಂದ ಮುಟ್ಟು ನಿಂತ ಮಾತ್ರಕ್ಕೆ ಅಂಡಾಶಯ ಪೂರ್ತಿ ನಿಂತಿದೆ ಎಂದಲ್ಲ, ಅದು ಮತ್ತೆ ಏಳಬಹುದು. ಆಗ ಈ ಮಾತ್ರೆಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಇದು ನೀವೋ ನಾನೋ ಮಾಡುವ ತೀರ್ಮಾನವಲ್ಲ.

ನೆತ್ತಿಗೆ ಮಾಡಬಹುದಾದದ್ದು ಮಿನಾಕ್ಸಿಡಿಲ್ ಎಂಬ ಕೂದಲು ಬೆಳೆಸುವ ದ್ರಾವಣ ಹಚ್ಚುವುದು. ಕೀಮೋ ಕಾಲದಲ್ಲಿ 2 ಶೇಕಡಾ ದ್ರಾವಣ ಹಚ್ಚಿದವರ ಮೇಲೆ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೂದಲು ಉದುರುವುದು ತಪ್ಪಲಿಲ್ಲ, ಆದರೆ ವಾಪಸ್ ಬರುವುದು ಸುಮಾರು 50 ದಿನ ಬೇಗವಾಯಿತು. ಹಾರ್ಮೋನ್ ಮಾತ್ರೆಯಿಂದ ತೆಳುವಾದ ನೆತ್ತಿಗೆ ಇದು ಚೆನ್ನಾಗಿ ಒದಗುತ್ತದೆ, ಡೋಸಿಟ್ಯಾಕ್ಸೆಲ್‌ನಿಂದ ಬುಡವೇ ಸೊರಗಿದ್ದರೆ ಅಷ್ಟಕ್ಕಷ್ಟೆ. ಶುರು ಮಾಡಿದ ಮೊದಲ ಒಂದೆರಡು ತಿಂಗಳು ಕೂದಲು ಇನ್ನೂ ಹೆಚ್ಚು ಉದುರಬಹುದು. ಹಳೆಯ ಎಳೆಯನ್ನು ಹೊಸ ಎಳೆ ತಳ್ಳುವುದರಿಂದ ಹಾಗಾಗುತ್ತದೆ. ಇದು ಮೊದಲೇ ತಿಳಿಯದೆ ಅಲ್ಲಿಗೇ ಬಿಟ್ಟವರು ಬಹಳ. ನಾಲ್ಕರಿಂದ ಆರು ತಿಂಗಳು ಹಚ್ಚದೆ ತೀರ್ಪು ಕೊಡಬೇಡಿ. ಬಿಟ್ಟರೆ ಲಾಭವೂ ಹೋಗುತ್ತದೆ. ಹಣೆಗೆ, ಕೆನ್ನೆಗೆ ಸೋರಿದರೆ ಅಲ್ಲೂ ನವಿರು ಕೂದಲು ಬರುತ್ತದೆ, ಹಚ್ಚಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಅದು ನೆಕ್ಕದ ಹಾಗೆ ನೋಡಿಕೊಳ್ಳಿ, ಬೆಕ್ಕಿಗೆ ಇದು ವಿಷ.

ಇದೇ ಔಷಧಿಯ ಮಾತ್ರೆಯೂ ಈಗ ಬಳಕೆಯಲ್ಲಿದೆ. ನಿಮಗೆ ಅದನ್ನು ನಾನು ಸುಲಭವಾಗಿ ಬರೆದುಕೊಡಲಾರೆ. ಮೂಲತಃ ಅದು ರಕ್ತದೊತ್ತಡದ ಮಾತ್ರೆ, ಕಾಲು ಊದಿಸಬಹುದು, ಎದೆಬಡಿತ ಏರಿಸಬಹುದು. ನಿಮ್ಮ ಕೆಂಪು ಔಷಧಿ ಡಾಕ್ಸೋರುಬಿಸಿನ್ ಆಗಿರಬೇಕು, ಆ ಗುಂಪಿನ ಔಷಧಿಗಳು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ಎಕೋ (ಹೃದಯದ ಸ್ಕ್ಯಾನ್) ವರದಿ ನೋಡದೆ, ಕ್ಯಾನ್ಸರ್ ತಜ್ಞರನ್ನು ಕೇಳದೆ ಅದರ ಹತ್ತಿರ ಹೋಗಬೇಡಿ. ಫಿನಾಸ್ಟರೈಡ್, ಸ್ಪೈರೊನೊಲ್ಯಾಕ್ಟೋನ್ ಎಂದು ಯಾರಾದರೂ ಹೇಳಿದರೆ ಅವೂ ಹಾರ್ಮೋನಿನ ಜೊತೆ ಆಡುವ ಔಷಧಿಗಳೇ, ಅವಕ್ಕೂ ಇದೇ ಮಾತು. ಕೂದಲು ಕಸಿ ಈಗ ಯೋಚಿಸುವ ವಿಷಯವಲ್ಲ.

ಅಕ್ಕನ ಸಲಹೆ ಪ್ರೀತಿಯದು, ಆದರೆ ಫಲವಿಲ್ಲದ್ದು. ಬುಡ ಚರ್ಮದಿಂದ ಹಲವು ಮಿಲಿಮೀಟರ್ ಕೆಳಗಿದೆ, ಬ್ಲೇಡಿನ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಹೊಸದಾಗಿ ಹುಟ್ಟಿದ ಕೂದಲಿನ ತುದಿ ಚೂಪು, ಮೃದು. ಬೋಳಿಸಿದ ಕೂದಲಿನ ತುದಿ ಮೊಂಡು, ಅದಕ್ಕೇ ಕೈಗೆ ದಪ್ಪ ಅನಿಸುತ್ತದೆ. ಕಷ್ಟಪಟ್ಟು ಬೆಳೆಸಿದ 7 ಸೆಂ.ಮೀ. ಕಳೆದುಕೊಳ್ಳಬೇಡಿ.

ಗೆಳತಿಯ ಬಯೋಟಿನ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೊಗ್ರಾಂ, ಅದು ಊಟದಲ್ಲೇ ಸಿಗುತ್ತದೆ. ಕೂದಲಿಗೆಂದು ಮಾರುವ 10 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 300 ಪಟ್ಟಿಗೂ ಹೆಚ್ಚು ಇರುತ್ತದೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುವುದಿಲ್ಲ. ಬರುವುದು ತಪ್ಪು ರಿಪೋರ್ಟು. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆ, ಇಂಥವುಗಳ ಫಲಿತಾಂಶವನ್ನು ಹೆಚ್ಚಿನ ಬಯೋಟಿನ್ ಕೆಡಿಸುತ್ತದೆ. ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಪದೇ ಪದೇ ರಕ್ತ ಪರೀಕ್ಷೆ ಮಾಡಿಸುವ ನಿಮ್ಮಂಥವರಿಗೆ ಇದು ಬರೀ ನಿರುಪಯೋಗಿಯಲ್ಲ, ದಾರಿ ತಪ್ಪಿಸುವಂಥದ್ದು.

ಸ್ಟ್ರೇಟನಿಂಗ್ ಈಗ ಬೇಡ. ಹೊಸ ಎಳೆ ಕಾವು, ರಾಸಾಯನಿಕ ಎರಡಕ್ಕೂ ಬೇಗ ಮುರಿಯುತ್ತದೆ. ‘ಕೆರಟಿನ್ ಟ್ರೀಟ್‌ಮೆಂಟ್’ ಹೆಸರಿನಲ್ಲಿ ಬರುವ ಕೆಲವು ದ್ರವಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ಖಚಿತವಾಗಿರುವ ವಸ್ತು. ಇನ್ನೊಂದು ವರ್ಷದಲ್ಲಿ ತಾನೇ ಸಡಿಲವಾಗಬಹುದಾದ ಸುರುಳಿಗೆ ಇಷ್ಟೆಲ್ಲ ಯಾಕೆ?

ಡೈ ಹಚ್ಚಬಹುದು. ಕೀಮೋ ಮುಗಿದ ಮೇಲೆ ಆರು ತಿಂಗಳು ಕಾಯಿರಿ ಎನ್ನುವುದು ನಮ್ಮ ಮಾಮೂಲು ಸಲಹೆ, ನೀವು ಕಾದಿದ್ದೀರಿ. ತಲೆಯ ಚರ್ಮದಲ್ಲಿ ಉರಿ, ಗಾಯ, ಹೊಟ್ಟು ಕೀಳುವುದು ಇರಬಾರದು ಅಷ್ಟೆ. ‘ಹತ್ತು ವರ್ಷ ಹಚ್ಚಿದ್ದೇನೆ, ನನಗೇನೂ ಆಗಿಲ್ಲ’ ಎಂದು ಪರೀಕ್ಷೆ ಬಿಡಬೇಡಿ, ಡೈನಲ್ಲಿರುವ ಪಿಪಿಡಿ ಎಂಬ ವಸ್ತುವಿಗೆ ಅಲರ್ಜಿ ಯಾವ ವರ್ಷ ಬೇಕಾದರೂ ಹೊಸದಾಗಿ ಹುಟ್ಟಬಹುದು. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಿ. ಅಮೋನಿಯಾ ಇಲ್ಲದ, ಕೆಲವು ವಾರಕ್ಕೆ ತೊಳೆದುಹೋಗುವ ಬಣ್ಣದಿಂದ ಶುರು ಮಾಡುವುದು ಜಾಣತನ. ಒರಟು ಎಳೆ ಬಣ್ಣವನ್ನು ಬೇಗ ಹೀರುತ್ತದೆ, ಒಂದು ಗೊಂಚಲಿನ ಮೇಲೆ ಮೊದಲು ನೋಡಿ. ಇಲ್ಲವಾದರೆ ಅಂದುಕೊಂಡದ್ದಕ್ಕಿಂತ ಕಡುಗಪ್ಪಾಗಿ ಕೂರುತ್ತದೆ. ಡೈ ಹಚ್ಚಿದರೆ ಕ್ಯಾನ್ಸರ್ ಮರಳುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆತಂಕ ವ್ಯಕ್ತಪಡಿಸಿರುವುದು ವೃತ್ತಿಯಲ್ಲೇ ಅದರ ಜೊತೆ ಇರುವ ಕೇಶಾಲಂಕಾರದವರ ಬಗ್ಗೆ. ತಮಗೆ ತಾವು ಹಚ್ಚಿಕೊಳ್ಳುವವರ ಮಟ್ಟಿಗೆ, ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸುವಷ್ಟು ಆಧಾರ ಅದಕ್ಕೆ ಸಿಕ್ಕಿಲ್ಲ.

ತಂಪು ಟೋಪಿಯ ಕೊರಗನ್ನು ಬಿಡಿ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದನ್ನು ಧರಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೂದಲು ಉಳಿಯಿತು, ಇನ್ನರ್ಧ ಜನರಿಗೆ ಹೋಯಿತು. ನಿಮಗೆ ಕೊಟ್ಟಂಥ ಕೆಂಪು ಔಷಧಿಯ ಜೊತೆ ಅದರ ಫಲ ಇನ್ನೂ ಕಡಿಮೆ.

ಕೆಲವು ಲಕ್ಷಣ ಕಂಡರೆ ತಡಮಾಡಬೇಡಿ: ನಾಣ್ಯದ ಹಾಗೆ ಗುಂಡಗೆ ನುಣುಪಾದ ಬೋಳು, ಚರ್ಮ ಕೆಂಪಾಗಿ ಉರಿಯುವುದು, ಕೂದಲ ರಂಧ್ರಗಳೇ ಕಾಣದಂತೆ ಹೊಳೆಯುವುದು, ತಲೆಯ ಚರ್ಮದಲ್ಲಿ ಹೊಸ ಗಟ್ಟಿ ಗಂಟು.

ಬರುವ ತಿಂಗಳ ಕೆಲಸಕ್ಕೆ ಮಿನಾಕ್ಸಿಡಿಲ್ ಆಗುವುದಿಲ್ಲ, ಅಷ್ಟು ಬೇಗ ಏನೂ ಬರದು. ಅಲ್ಲಿಯವರೆಗೆ ಕೂದಲಿನ ಬಣ್ಣದ ಪುಡಿಯಂಥ ಹೇರ್ ಫೈಬರ್ ನೆತ್ತಿಗೆ ಉದುರಿಸಿಕೊಳ್ಳಬಹುದು. ಬೈತಲೆಯನ್ನು ನೇರ ತೆಗೆಯದೆ ಅಂಕುಡೊಂಕಾಗಿ ತೆಗೆದರೂ ಚರ್ಮ ಕಡಿಮೆ ಕಾಣುತ್ತದೆ. ನಿಮ್ಮ ಸುರುಳಿ ಇಲ್ಲಿ ನಿಮಗೇ ಸಹಾಯ, ಗುಂಗುರು ಕೂದಲು ನೆತ್ತಿಯನ್ನು ಮುಚ್ಚುವಷ್ಟು ನೇರ ಕೂದಲು ಮುಚ್ಚುವುದಿಲ್ಲ. ವಿಗ್ ಹಾಕಿದರೆ ಹೊಸ ಕೂದಲು ಬರುವುದು ನಿಲ್ಲುತ್ತದೆ ಎಂಬುದು ಸುಳ್ಳು. ಬಿಗಿಯಾದ ಕ್ಲಿಪ್ಪುಗಳು ಒಂದೇ ಜಾಗವನ್ನು ದಿನವೂ ಎಳೆಯದಿದ್ದರೆ ಸಾಕು.

ಈ ತಿಂಗಳೊಳಗೆ ಒಬ್ಬ ಚರ್ಮರೋಗ ತಜ್ಞರನ್ನು ನೋಡಿ. ಕೀಮೋ ಔಷಧಿಗಳ ಹೆಸರಿರುವ ಡಿಸ್ಚಾರ್ಜ್ ಪತ್ರ, ಟ್ಯಾಮಾಕ್ಸಿಫೆನ್ ಶುರುವಾದ ದಿನಾಂಕ, ಎಕೋ ವರದಿ, ಹಳೆಯ ಫೋಟೊಗಳು ಜೊತೆಗಿರಲಿ. ಹೋಗುವ ದಿನ ತಲೆಗೆ ಎಣ್ಣೆ, ಫೈಬರ್ ಪುಡಿ ಏನೂ ಬೇಡ, ಡರ್ಮೊಸ್ಕೋಪ್‌ನಲ್ಲಿ ಬುಡ ಕಾಣುವುದಿಲ್ಲ. ಬಯೋಟಿನ್ ಈಗಾಗಲೇ ನುಂಗಿದ್ದರೆ ಇವತ್ತೇ ನಿಲ್ಲಿಸಿ, ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಮೂರು ದಿನವಾದರೂ ಕಳೆಯಲಿ. ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.